ಲಗ್ನಪತ್ರಿಕಾ ದೋಷಪ್ರಕಾಶಿಕೆ, ಅಥವಾ ಕರಡು ನೋಡುವ ಬಂಧುಗಳಿಗೊಂದು ಶಾಸ್ತ್ರ

ಶಾಸ್ತ್ರಗ್ರಂಥ ಯಾವುದೇ ಇರಲಿ, ಮೊದಲಿಗೆ ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಹೇಳಿಬಿಡೋಣ. ಈ ಗ್ರಂಥದ ವಿಷಯ: ಮದುವೆಯ ಆಮಂತ್ರಣ ಪತ್ರಿಕೆಯ ಅಂದಚಂದ, ಅದರ ಉಪಯುಕ್ತತೆ, ಮತ್ತು ಇವೆರಡರ ಬಗ್ಗೆ ಯಾರ ಮನಸ್ಸೂ ನೋಯದಂತೆ ಉಪಯೋಗಕ್ಕೆ ಬರುವ ಮಾತಾಡುವ ಬಗೆ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಕರಡನ್ನು ಮೊಬೈಲಿಗೆ ಕಳಿಸಿ ‘ಒಂದ್ಸಲ ನೋಡಿ ಹೇಳಿ’ ಎಂದಾಗ ತೆರೆದೂ ನೋಡದೆ ಹೆಬ್ಬೆರಳಿನ ಚಿತ್ರ ಒತ್ತಿ, ಪತ್ರಿಕೆ ಅಚ್ಚಾಗಿ ಬಂದ ಮೇಲೆ ಬಾಯಿ ಬಿಡುವ ಸಮಸ್ತ ಬಂಧು. ಸಂಬಂಧ: ಗಂಡಿನ ಕಡೆಯದೋ ಹೆಣ್ಣಿನ ಕಡೆಯದೋ, ಪತ್ರಿಕೆಯೇ ನಿರ್ಣಯಿಸಬೇಕು. ಪ್ರಯೋಜನ: ಕರೆಸಿಕೊಂಡವರು ಸರಿಯಾದ ದಿನ, ಸರಿಯಾದ ಛತ್ರಕ್ಕೆ ಬಂದು ಉಂಡು ಹೋಗುವುದು. ಮೋಕ್ಷದ ಭರವಸೆಯನ್ನು ಈ ಶಾಸ್ತ್ರ ಕೊಡುವುದಿಲ್ಲ.

ದೋಷ ಹುಡುಕುವುದು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲ. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ. ಅದರ ಮೊದಲ ಪರಿಚ್ಛೇದದ ಹೆಸರೇ ದೋಷಾದೋಷಾನುವರ್ಣನ ನಿರ್ಣಯ. ಅದಕ್ಕಿಂತ ಮೊದಲಿನ ಕಾವ್ಯಗಳು ಕಳೆದುಹೋದವು, ಅವುಗಳಲ್ಲಿ ಏನೇನು ತಪ್ಪಿತ್ತು ಎಂಬುದು ಮಾತ್ರ ಉಳಿಯಿತು. ಈ ಪರಂಪರೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವವರು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗದವರೆಂದು ಕೆಲವರ ಅಭಿಪ್ರಾಯ. ಅಲ್ಲ. ಜಗಲಿಯ ಮೇಲೆ ಕೂತು, ಕನ್ನಡಕ ಮೇಲೇರಿಸಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುವ ಸೋದರಮಾವಂದಿರು.

ಹಾಗೆ ತಿರುಗಿಸುವಾಗ ಸೋದರಮಾವನ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಈ ಶಾಸ್ತ್ರದ ಗುಟ್ಟಿದೆ. ಅದು ದಿನಾಂಕದ ಮೇಲೆ ನಿಲ್ಲುವುದಿಲ್ಲ, ಛತ್ರದ ವಿಳಾಸದ ಮೇಲೂ ಅಲ್ಲ. ನೇರವಾಗಿ ‘ತಮ್ಮ ಸುಖಾಗಮನವನ್ನು ಬಯಸುವವರು’ ಎಂಬಲ್ಲಿಗೆ ಇಳಿದು, ತನ್ನ ಹೆಸರು ಯಾವ ಸಾಲಿನಲ್ಲಿದೆ, ಯಾರ ಹೆಸರಿನ ಕೆಳಗಿದೆ, ‘ನಿವೃತ್ತ’ ಎಂಬುದರ ಮುಂದೆ ಹುದ್ದೆ ಪೂರ್ತಿ ಬಂದಿದೆಯೇ ಎಂದು ನೋಡುತ್ತದೆ. ಪತ್ರಿಕೆ ಇರುವುದು ಬರುವವನಿಗಾಗಿ. ಅದನ್ನು ತಿದ್ದುವವರು ಮಾತ್ರ ಅದರಲ್ಲಿ ಹೆಸರಿರುವವರು. ಅವರಿಗೆ ಮದುವೆ ಯಾವಾಗ, ಎಲ್ಲಿ ಎಂಬುದು ಮೊದಲೇ ಗೊತ್ತು. ಹೀಗಾಗಿ ಗೊತ್ತಿಲ್ಲದವನು ಎಲ್ಲಿ ಎಡವುತ್ತಾನೆಂದು ಅವರಿಗೆ ಕಾಣುವ ಸಂಭವವೇ ಇಲ್ಲ. ಬರುವವನ ಕಣ್ಣಿನಿಂದ ಹೇಳಿದ್ದು ವಿಮರ್ಶೆ, ಹೆಸರಿದ್ದವನ ಕಣ್ಣಿನಿಂದ ಹೇಳಿದ್ದು ತಕರಾರು. ಇದು ಸಿದ್ಧಾಂತ. ಮುಂದಿನದೆಲ್ಲ ಇದರ ವ್ಯಾಖ್ಯಾನ.

ಪತ್ರಿಕೆಯ ದೋಷಗಳನ್ನು ವಿಂಗಡಿಸಲು ತಾರ್ಕಿಕರನ್ನು ಮೊರೆಹೋಗುವುದು ಕ್ಷೇಮ. ಲಕ್ಷಣಕ್ಕೆ ಅವರು ಹೇಳುವ ದೋಷಗಳು ಮೂರು. ಹಸುವೆಂದರೆ ಕಪಿಲವರ್ಣದ್ದು ಎಂದರೆ ಬಿಳಿ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಸೀಳಿಲ್ಲದ ಒಂಟಿ ಗೊರಸಿನದ್ದು ಎಂದರೆ ಅಂಥ ಹಸುವೇ ಇಲ್ಲ, ಅದು ಅಸಂಭವ. ಪತ್ರಿಕೆಗೆ ಇದು ಅಳತೆ ಕೊಟ್ಟು ಹೊಲಿಸಿದಂತೆ ಹೊಂದುತ್ತದೆ. ಚಿಕ್ಕಪ್ಪನ ಎರಡನೆಯ ಅಳಿಯನ ಹೆಸರು ಬಿಟ್ಟುಹೋದರೆ ಅವ್ಯಾಪ್ತಿ. ಇದರ ಪರಿಹಾರಕ್ಕೆ ಕೆಲವೊಮ್ಮೆ ಎರಡು ತಲೆಮಾರು ಬೇಕಾಗುತ್ತದೆ. ಅಡುಗೆ ಭಟ್ಟರಿಗೆ ಎಲೆ ಲೆಕ್ಕ ಕೊಟ್ಟ ಮೇಲೆ ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂದು ಅಚ್ಚು ಹಾಕಿಸಿದರೆ ಅತಿವ್ಯಾಪ್ತಿ. ಬೆಳಗಿನ ಜಾವ 4.30ರಿಂದ 5.15ರೊಳಗಿನ ಮುಹೂರ್ತಕ್ಕೆ ಪರಊರಿನ ಸಹೋದ್ಯೋಗಿಗಳನ್ನು ‘ತಪ್ಪದೇ’ ಕರೆಯುವುದು ಶುದ್ಧ ಅಸಂಭವ. ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲನ್ನು ಯಾವ ಗುಂಪಿಗೆ ಸೇರಿಸಬೇಕೆಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮುಯ್ಯಿ ಪುಸ್ತಕ ಹಿಡಿದು ಕೂತವನನ್ನು ಕೇಳಿದರೆ ಉತ್ತರ ಸಿಕ್ಕೀತು.

ಇವೆಲ್ಲಕ್ಕಿಂತ ಗಹನವಾದದ್ದು ಕಾಲದೋಷ. ಪತ್ರಿಕೆಯ ಮುಖ್ಯ ವಾಕ್ಯ ‘ಸ್ವಸ್ತಿಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ 1947ನೇ ವಿಶ್ವಾವಸು ನಾಮ ಸಂವತ್ಸರದ’ ಎಂದು ಹೊರಟು ಅಯನ, ಋತು, ಮಾಸ, ಪಕ್ಷ, ತಿಥಿಗಳನ್ನು ದಾಟಿ ವಾರಕ್ಕೆ ತಲುಪುವಷ್ಟರಲ್ಲಿ, ಸೂರ್ಯ ಯಾವ ದಿಕ್ಕಿಗೆ ಚಲಿಸುತ್ತಿದ್ದಾನೆಂದು ಓದುಗನಿಗೆ ತಿಳಿದಿರುತ್ತದೆ, ತಾನು ಆಫೀಸಿಗೆ ರಜೆ ಹಾಕಬೇಕೋ ಬೇಡವೋ ಎಂಬುದು ತಿಳಿದಿರುವುದಿಲ್ಲ. ಈ ಒಕ್ಕಣೆ ವಿಜಯನಗರ ಕಾಲದ ಶಾಸನಗಳದ್ದು. ಅಲ್ಲಿ ಅದಕ್ಕೆ ಅರ್ಥವಿತ್ತು. ದಾನ ಕೊಟ್ಟ ಭೂಮಿ ಸೂರ್ಯಚಂದ್ರರಿರುವವರೆಗೆ ಉಳಿಯಬೇಕು, ಮುಂದಿನ ಅರಸ ತಕರಾರು ತೆಗೆದರೆ ಕಲ್ಲು ಸಾಕ್ಷಿ ಹೇಳಬೇಕು. ಲಗ್ನಪತ್ರಿಕೆಗೆ ಅಷ್ಟು ಆಯುಸ್ಸು ಬೇಡ. ಮಧ್ಯಾಹ್ನದ ಹೋಳಿಗೆಯವರೆಗೆ ಬಾಳಿದರೆ ಅದರ ಜನ್ಮ ಸಾರ್ಥಕ.

ಇಲ್ಲೇ ಇನ್ನೊಂದು ಸೂಕ್ಷ್ಮವಿದೆ. ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ, ಗೋಡೆಯ ಕ್ಯಾಲೆಂಡರಿನ ದಿನಾಂಕ ಬದಲಾಗುವುದು ನಡುರಾತ್ರಿಗೆ. ಆದ್ದರಿಂದ ಭಾನುವಾರ ಬೆಳಗಿನ ಜಾವ 4.30ರ ಮುಹೂರ್ತ ಪುರೋಹಿತರ ಲೆಕ್ಕದಲ್ಲಿ ಇನ್ನೂ ಶನಿವಾರ ರಾತ್ರಿಯೇ. ಪುರೋಹಿತರು ಬರೆದುಕೊಟ್ಟ ಚೀಟಿಯಲ್ಲಿ ಒಂದು ವಾರ, ಪ್ರೆಸ್ಸಿನ ಹುಡುಗ ಮೊಬೈಲಿನಲ್ಲಿ ನೋಡಿ ಹಾಕಿದ್ದು ಇನ್ನೊಂದು ವಾರ; ಎರಡೂ ಸರಿ, ಪತ್ರಿಕೆ ತಪ್ಪು. ಇದನ್ನು ಕಂಡುಹಿಡಿಯಬಲ್ಲವನು ಬರುವ ಅತಿಥಿ ಮಾತ್ರ. ಅವನು ಕಂಡುಹಿಡಿಯುವುದು ಬಾಗಿಲು ಹಾಕಿದ ಛತ್ರದ ಮುಂದೆ.

ಅಕ್ಷರದೋಷಕ್ಕೆ ಬರೋಣ. ಬೆಂಗಳೂರಿನವರು ಸುಲ್ತಾನ್‌ಪೇಟೆಗೋ ಚಿಕ್ಕಪೇಟೆಗೋ ಹೋಗಿ ಕಾರ್ಡು ಆರಿಸುತ್ತಾರೆ. ಗಣಪತಿಯೂ ಕಲಶವೂ ಮೊದಲೇ ಮೂಡಿರುತ್ತವೆ, ಮದುಮಕ್ಕಳ ಹೆಸರಿಗೆ ಉಳಿದ ಜಾಗ ಬಿಡಲಾಗಿರುತ್ತದೆ. ಆ ಉಳಿದ ಜಾಗ ಕನ್ನಡ ಲಿಪಿಯನ್ನು ಮನಸ್ಸಿನಲ್ಲಿಟ್ಟು ಬಿಟ್ಟದ್ದಲ್ಲ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಗುಣಿತದ ಕೊಂಬು ಗುಡಿಸುಗಳು ಮೇಲೂ ಪಕ್ಕಕ್ಕೂ ಚಾಚುತ್ತವೆ. ಸಾಲುಗಳ ನಡುವೆ ಗಾಳಿಯಾಡಲು ಬಿಡದಿದ್ದರೆ ಮೇಲಿನ ಸಾಲಿನ ‘ಶ್ರೀಮತಿ ಲಕ್ಷ್ಮಮ್ಮ’ನವರ ಒತ್ತು ಕೆಳಗಿನ ಸಾಲಿನ ಯಜಮಾನರ ತಲೆಯ ಮೇಲೆ ಕೂರುತ್ತದೆ. ಸಾಂಸಾರಿಕ ಸತ್ಯವಾಗಿ ಇದು ಒಪ್ಪತಕ್ಕದ್ದು, ಮುದ್ರಣವಾಗಿ ಅಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಆ ಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ವಧುವಿನ ಹೆಸರು ಗುರುತು ಸಿಗದ ರೋಮನ್ ಅಕ್ಷರಗಳ ರಾಶಿಯಾಗಿ ಬರುತ್ತದೆ. ಇದು ಒಳ್ಳೆಯ ದೋಷ, ಕುರುಡನಿಗೂ ಕಾಣುತ್ತದೆ. ಕೆಟ್ಟ ದೋಷವೆಂದರೆ ಒಂದೇ ಅಕ್ಷರ ಜಾರಿ ‘ವಿವಾಹ ಮಹೋತ್ಸವ’ವು ‘ವಿವಾದ ಮಹೋತ್ಸವ’ವಾಗಿ, ಆರು ಜನ ಕರಡು ನೋಡಿದರೂ ಸಿಕ್ಕದೆ ಹೋಗುವುದು. ಆರು ಜನರೂ ತಮ್ಮ ತಮ್ಮ ಹೆಸರು ನೋಡುತ್ತಿದ್ದರು. ಕನ್ನಡ ಅಂಕಿಯಲ್ಲೇ ಇರಲಿ ಎಂಬ ಅಭಿಮಾನ ದೊಡ್ಡದು, ಆದರೆ ೬ ಯಾವುದು ೭ ಯಾವುದು ಎಂದು ಸೋದರಳಿಯಂದಿರು ಫೋನ್ ಮಾಡಿ ಕೇಳುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೆರೂನ್ ಹಾಳೆಯ ಮೇಲೆ ಬಂಗಾರದ ಅಕ್ಷರದ ಬಗ್ಗೆ ಒಂದೇ ಮಾತು: ನಲವತ್ತು ದಾಟಿದವರಿಗೆ ಹತ್ತಿರದ ದೃಷ್ಟಿ ಮಂಜಾಗುತ್ತದೆ, ಮತ್ತು ಮದುವೆಗೆ ಮುಯ್ಯಿ ತರುವವರು ಹೆಚ್ಚಾಗಿ ನಲವತ್ತು ದಾಟಿದವರೇ.

ಪಾಶ್ಚಾತ್ಯರಲ್ಲೂ ಈ ಶಾಸ್ತ್ರ ತಕ್ಕಮಟ್ಟಿಗೆ ಬೆಳೆದಿದೆ. 1988ರಲ್ಲಿ ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ದಿನಬಳಕೆಯ ವಸ್ತುಗಳ ಮೇಲೆ ಒಂದು ಪುಸ್ತಕ ಬರೆದು, ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಜನ ತಡಬಡಾಯಿಸಿದರೆ ತಪ್ಪು ಜನರದ್ದಲ್ಲ, ಬಾಗಿಲು ಮಾಡಿದವರದ್ದು ಎಂದು ಸಾಧಿಸಿದ. ಈ ನ್ಯಾಯವನ್ನು ನಮ್ಮ ಪತ್ರಿಕೆಗೆ ಹಚ್ಚಿ ನೋಡಿ. ಪತ್ರಿಕೆ ಕೊಡಲು ಬಂದವರು ಕುಂಕುಮ ಕೊಟ್ಟು, ಕಾಫಿ ಕುಡಿದು, ಎದ್ದು ಹೊರಡುವಾಗ ಏನು ಹೇಳುತ್ತಾರೆ? ‘ಭಾನುವಾರ ಕಣಮ್ಮ, ಹನ್ನೊಂದಕ್ಕೆಲ್ಲ ಬಂದ್ಬಿಡಿ, ರೈಲ್ವೆ ಗೇಟ್ ದಾಟಿ ಎಡಕ್ಕೆ, ಹಿಂದಿನ ಸಲ ನಮ್ಮ ದೊಡ್ಡವಳದ್ದು ಆಯ್ತಲ್ಲ ಅದೇ ಛತ್ರ.’ ಇಷ್ಟನ್ನೂ ಬಾಯಲ್ಲೇ ಹೇಳಬೇಕಾದರೆ ಕೈಯಲ್ಲಿ ಕೊಟ್ಟ ಕಾಗದ ಏನು ಮಾಡುತ್ತಿದೆ? ನಾರ್ಮನ್ ಮಹಾಶಯ ನಮ್ಮ ಕಡೆ ಮದುವೆಗೆ ಬಂದಿದ್ದರೆ ಪುಸ್ತಕ ಇನ್ನೂ ದಪ್ಪಗಿರುತ್ತಿತ್ತು.

ಈಚೆಗೆ ಪತ್ರಿಕೆಯ ಮೂಲೆಯಲ್ಲಿ ಚೌಕುಳಿ ಚೌಕುಳಿಯಾದ ಕ್ಯೂಆರ್ ಕೋಡ್ ಬರುತ್ತಿದೆ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಇದನ್ನು ರೂಪಿಸಿದ್ದು ಕಾರಿನ ಬಿಡಿಭಾಗಗಳ ಜಾಡು ಹಿಡಿಯಲು. ಬಿಡಿಬಿಡಿಯಾಗಿ ಬರುವ ನೆಂಟರ ಜಾಡಿಗೂ ಅದು ಸಲ್ಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಅಚ್ಚಿಗೆ ಹಾಕುವ ಮುನ್ನ ಯಾರಾದರೊಬ್ಬರು ಅದಕ್ಕೆ ಮೊಬೈಲ್ ಹಿಡಿದು ನೋಡಿರಬೇಕು, ಅದು ತೋರಿಸುವುದು ಛತ್ರದ ಹೆಬ್ಬಾಗಿಲನ್ನೋ ಹಿಂದಿನ ಪಾತ್ರೆ ತೊಳೆಯುವ ಅಂಗಳವನ್ನೋ ಎಂದು.

ಇನ್ನು ವಿಮರ್ಶೆಯ ಪ್ರಕಾರಗಳು. ಕಾಶ್ಮೀರದ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ಉಪದೇಶವನ್ನು ಮೂರು ಬಗೆಯಾಗಿ ಹೇಳಿದ್ದಾನೆ: ವೇದಗಳದ್ದು ಪ್ರಭುಸಮ್ಮಿತ, ಪುರಾಣಗಳದ್ದು ಮಿತ್ರಸಮ್ಮಿತ, ಕಾವ್ಯದ್ದು ಕಾಂತಾಸಮ್ಮಿತ. ಒಡೆಯನಂತೆ ಆಜ್ಞೆ, ಗೆಳೆಯನಂತೆ ಬುದ್ಧಿಮಾತು, ನಲ್ಲೆಯಂತೆ ಒಲಿಸಿ ಹೇಳುವುದು. ಕರಡು ನೋಡುವ ದೊಡ್ಡಪ್ಪ ಪ್ರಭುಸಮ್ಮಿತಕ್ಕೆ ಸೇರಿದವರು. ‘ಏನೋ ಇದು, ಪತ್ರಿಕೇನೋ ಪಟಾಕಿ ಡಬ್ಬಾನೋ?’ ಎಂದು ಎಸೆಯುತ್ತಾರೆ. ಏನು ಬದಲಾಯಿಸಬೇಕೆಂದು ಹೇಳುವುದಿಲ್ಲ, ಒಡೆಯರು ಕಾರಣ ಕೊಡುವ ಪದ್ಧತಿಯಿಲ್ಲ. ಮದುಮಗನ ಗೆಳೆಯ ಮಿತ್ರಸಮ್ಮಿತ: ‘ಸೂಪರ್ ಮಗಾ.’ ಅವನು ನೋಡಿಲ್ಲ. ಕಾಂತಾಸಮ್ಮಿತದ ಮಾತು ಮಧುರವಾಗಿರುತ್ತದೆ, ಮುಹೂರ್ತ ಮೀರಿದ ಮೇಲೆ ಬರುತ್ತದೆ.

ಮಮ್ಮಟ ಬಿಟ್ಟದ್ದು ನಾಲ್ಕನೆಯದನ್ನು. ಅದು ಬೀಗಸಮ್ಮಿತ. ಬೀಗರು ಪತ್ರಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾರೆ, ಪೂರ್ತಿ ಓದುತ್ತಾರೆ, ಬಂದ ಗೆರೆಯಲ್ಲೇ ಮಡಿಸುತ್ತಾರೆ. ‘ತುಂಬಾ ಚೆನ್ನಾಗಿ ಬಂದಿದೆ. ನಮ್ಮ ಕಡೆಯೋರ ಹೆಸರು ಸ್ವಲ್ಪ ಸಣ್ಣದಾಗಿದೆ ಅಂತ ನಾವೇನೂ ಅನ್ಕೊಂಡಿಲ್ಲ.’ ಆಜ್ಞೆಯಿಲ್ಲ, ಸಲಹೆಯಿಲ್ಲ, ಒಲಿಸುವಿಕೆಯೂ ಇಲ್ಲ. ಆದರೂ ಆ ರಾತ್ರಿಯೇ ಪ್ರೆಸ್ಸಿನವನಿಗೆ ಫೋನ್ ಹೋಗುತ್ತದೆ. ಪರಿಣಾಮದ ದೃಷ್ಟಿಯಿಂದ ವೇದಕ್ಕಿಂತಲೂ ಇದು ಮಿಗಿಲೆಂದು ಈ ಗ್ರಂಥಕಾರನ ಮತ.

ಇವೆಲ್ಲದರ ನಡುವೆ ನಿಜವಾದ ರಚನಾತ್ಮಕ ವಿಮರ್ಶೆ ಹೇಗಿರುತ್ತದೆಂದರೆ, ಅದರಲ್ಲಿ ‘ಚೆನ್ನಾಗಿಲ್ಲ’ ಎಂಬ ಮಾತೇ ಇರುವುದಿಲ್ಲ. ‘ನಮ್ಮತ್ತೆ ಟ್ಯೂಬ್‌ಲೈಟ್ ಕೆಳಗೆ ಹಿಡ್ಕೊಂಡ್ರು ಕಣಪ್ಪ, ಛತ್ರದ ಹೆಸರು ಕಾಣ್ಲಿಲ್ಲ’ ಎಂದಿರುತ್ತದೆ. ಏನು ಮಾಡಲು ಹೋದೆ, ಎಲ್ಲಿ ತೊಡಕಾಯಿತು, ಅಷ್ಟೇ. ಯಾರಿಗೂ ಬೇಸರವಿಲ್ಲ, ಏಕೆಂದರೆ ಬೈಸಿಕೊಂಡದ್ದು ಬಂಗಾರದ ಬಣ್ಣ. ಕ್ರಮವೂ ಮುಖ್ಯ: ದಿನ, ವೇಳೆ, ಸ್ಥಳ ಇವು ಮೂರೂ ಸರಿಯಿವೆಯೆಂದು ಖಾತರಿಯಾದ ಮೇಲೆ ಹೆಸರುಗಳು, ಅವೂ ಮುಗಿದ ಮೇಲೆ ಗಣಪತಿಯ ಸೊಂಡಿಲು ಎಡಕ್ಕೋ ಬಲಕ್ಕೋ ಎಂಬ ಚರ್ಚೆ. ನಮ್ಮಲ್ಲಿ ಸೊಂಡಿಲಿನಿಂದ ಶುರುವಾಗಿ ಅಲ್ಲಿಗೇ ರಾತ್ರಿ ಹತ್ತಾಗುತ್ತದೆ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ. ಮುಹೂರ್ತವೇ ಬೇಡವೆಂದರೆ ಅರ್ಧ ದೋಷ ಹೋಗಲಿಲ್ಲವೇ? ಕುವೆಂಪು ಅವರ ಮಂತ್ರಮಾಂಗಲ್ಯದಲ್ಲಿ ಲಗ್ನವೂ ಇಲ್ಲ, ರಾಹುಕಾಲವೂ ಇಲ್ಲ. ಅವರ ಮಗ ತೇಜಸ್ವಿಯವರ ಮದುವೆ 1966ರಲ್ಲಿ ಹಾಗೆಯೇ ನಡೆಯಿತಲ್ಲ? ಹೋಗುತ್ತದೆ, ನಿಜ. ಆದರೆ ಮುಹೂರ್ತ ತೆಗೆದ ಜಾಗದಲ್ಲಿ ಇನ್ನೂ ನಾಲ್ಕು ಜನರ ಹೆಸರು ಹಾಕಬಹುದೆಂದು ಸೋದರಮಾವ ಅಳತೆ ಹಿಡಿಯುತ್ತಾನೆ.

ದೋಷವೇ ಇಲ್ಲದ ಪತ್ರಿಕೆ ಇದೆಯೇ ಎಂದರೆ, ಇದೆ. ಹಳೇ ಮೈಸೂರು ಸೀಮೆಯಲ್ಲಿ ಲಗ್ನಪತ್ರಿಕೆಯೊಳಗೆ ಒಂದು ಸಣ್ಣ ಚೀಟಿ ಇಟ್ಟಿರುತ್ತಾರೆ: ಬೀಗರ ಔತಣ, ಇಂಥ ದಿನ, ಇಂಥ ಹೊತ್ತು, ಇಂಥ ಜಾಗ. ಸಂವತ್ಸರವಿಲ್ಲ, ಬಂಗಾರವಿಲ್ಲ, ಸುಖಾಗಮನ ಬಯಸುವವರ ಪಟ್ಟಿಯಿಲ್ಲ. ಬಿರಿಯಾನಿಗೆ ದಾರಿ ತಪ್ಪಿ ಬೇರೆ ಊರಿಗೆ ಹೋದವರನ್ನು ಈ ಗ್ರಂಥಕಾರ ಕಂಡಿಲ್ಲ. ಆ ಚೀಟಿಯ ಕರಡನ್ನು ಯಾರೂ ತಿದ್ದಲು ಕೂರುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಆದ್ದರಿಂದ ಮನೆಯಲ್ಲಿ ಮದುವೆ ಇಟ್ಟುಕೊಂಡ ಓದುಗರಲ್ಲಿ ವಿನಂತಿ. ಕರಡು ಕೈಗೆ ಬಂದಾಗ ನೆಂಟರಿಗೆ ತೋರಿಸುವ ಮೊದಲು ಹಾಲಿನವರಿಗೋ ಪಕ್ಕದ ಮನೆಯ ಬಾಡಿಗೆಯವರಿಗೋ ಕೊಡಿ. ಬಾಯಲ್ಲಿ ಏನೂ ಹೇಳಬೇಡಿ. ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿಗೆ ಬರುತ್ತೀರಿ ಎಂದಷ್ಟೇ ಕೇಳಿ. ಅವರು ತಡವರಿಸದೆ ಹೇಳಿದರೆ ಪ್ರೆಸ್ಸಿನವನಿಗೆ ಬಾಕಿ ದುಡ್ಡು ಕೊಟ್ಟುಬಿಡಿ. ಚಿಕ್ಕಪ್ಪನ ಎರಡನೆಯ ಅಳಿಯನ ಹೆಸರನ್ನು ಮಾತ್ರ ದಯವಿಟ್ಟು ನೀವೇ ನೋಡಿಕೊಳ್ಳಿ.