ಬೆಳಕಿನ ವೇಗದ ಮಹಾಸನ್ನಿಧಾನಕ್ಕೊಂದು ಬಹಿರಂಗ ಪತ್ರ

ಸಮಸ್ತ ಬ್ರಹ್ಮಾಂಡಕ್ಕೂ ಒಂದೇ ಕಾನೂನು ವಿಧಿಸಿ, ಸೆಕೆಂಡಿಗೆ 29,97,92,458 ಮೀಟರ್ ಎಂಬ ಗಡಿಯನ್ನು ಯಾರಿಗೂ ದಾಟಗೊಡದ ಪರಮಪೂಜ್ಯ ಬೆಳಕಿನ ವೇಗದ ಮಹಾಸನ್ನಿಧಾನಕ್ಕೆ, ಭೂಮಿಯ ಒಬ್ಬ ಸಾಮಾನ್ಯ ನಿವಾಸಿಯ ಸಾಷ್ಟಾಂಗ ನಮಸ್ಕಾರಗಳು.

ಮೊದಲು ಉಪಕಾರ ಸ್ಮರಣೆ. ನಕ್ಷತ್ರಗಳು ಏತರಿಂದ ಆಗಿವೆ, ಎಷ್ಟು ಬಿಸಿಯಾಗಿವೆ, ಯಾವುದರ ಸುತ್ತ ಗ್ರಹಗಳಿವೆ ಎಂಬುದೆಲ್ಲ ನಮಗೆ ಬಹುಪಾಲು ತಿಳಿದದ್ದು ತಮ್ಮ ವೇಗದಲ್ಲಿ ಬಂದ ಬೆಳಕಿನಿಂದಲೇ. ಗುರುಗ್ರಹದ ಉಪಗ್ರಹ ಅಯೋಗೆ ಹಿಡಿಯುವ ಗ್ರಹಣಗಳು ಭೂಮಿ ದೂರ ಸರಿದಾಗ ತಡವಾಗಿ ಕಾಣುವುದನ್ನು ಗಮನಿಸಿದ ಡೆನ್ಮಾರ್ಕಿನ ಓಲೆ ರೋಮರ್, ತಾವೂ ದಾರಿ ಸವೆಸಿಯೇ ಬರುವವರು ಎಂದು 1676ರಲ್ಲಿ ತೋರಿಸಿಕೊಟ್ಟರು. 1983ರಿಂದ ನಮ್ಮ ಮೀಟರಿನ ಅಳತೆಗೂ ತಾವೇ ಆಧಾರ. ಇಷ್ಟು ಋಣವಿರುವವರ ಮುಂದೆ ದೂರು ಹೇಳಲು ನಾಲಿಗೆ ಏಳುವುದಿಲ್ಲ. ಆದರೂ ಹೇಳದೆ ವಿಧಿಯಿಲ್ಲ. ಈ ವಿಶ್ವದಲ್ಲಿ ನಮ್ಮಂತೆ ಬೇರೆ ಯಾರಾದರೂ ಇದ್ದಾರೆಯೇ ಎಂದು ತಿಳಿಯುವುದು ಮನುಷ್ಯನ ಬಹು ದೊಡ್ಡ ಆಸೆ. ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ನಿಂತವರು ತಾವು.

ತಮ್ಮ ಸಾವಧಾನದ ಪರಿಚಯ ನಮಗೆ ಬೆಂಗಳೂರಿನ ಪೀಣ್ಯದಲ್ಲೇ ಆಯಿತು, ಅದಕ್ಕಾಗಿ ವಂದನೆಗಳು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ 7.17ಕ್ಕೆ ಮಂಗಳಯಾನ ನೌಕೆಯ ಎಂಜಿನ್ ಹೊತ್ತಿಕೊಂಡಿತು. ಅದು ಉರಿಯಬೇಕಿದ್ದದ್ದು 24 ನಿಮಿಷ. ಹೊತ್ತಿಕೊಂಡಿತೆಂಬ ಸುದ್ದಿಯನ್ನು ತಾವು ತಲುಪಿಸಲು ತೆಗೆದುಕೊಂಡದ್ದು ಸುಮಾರು ಹನ್ನೆರಡೂವರೆ ನಿಮಿಷ. ನಿಯಂತ್ರಣ ಕೇಂದ್ರದಲ್ಲಿ ಕುಳಿತವರಿಗೆ ಎಂಜಿನ್ ಶುರುವಾದದ್ದು ತಿಳಿಯುವ ಹೊತ್ತಿಗೆ ಅರ್ಧ ಕೆಲಸ ಮುಗಿದೇ ಹೋಗಿತ್ತು. ಏನಾದರೂ ಎಡವಟ್ಟಾಗಿದ್ದರೆ ಇಲ್ಲಿಂದ ಸರಿಪಡಿಸುವ ಮಾತೇ ಇರಲಿಲ್ಲ. ಅದಕ್ಕಾಗಿಯೇ ಆಜ್ಞೆಗಳನ್ನೆಲ್ಲ ಹಲವು ದಿನ ಮೊದಲೇ ನೌಕೆಗೆ ತುಂಬಿಸಿಟ್ಟಿದ್ದರು. ಇದು ಪಕ್ಕದ ಗ್ರಹದ ಕಥೆ ಎಂಬುದನ್ನು ಸನ್ನಿಧಾನವು ದಯಮಾಡಿ ಗಮನಿಸಬೇಕು.

ಇನ್ನು ವಾಯೇಜರ್ 1ರ ವಿಚಾರದಲ್ಲಿ ತಾವು ತೋರಿದ ಕೃಪೆ. 1977ರಲ್ಲಿ ಹೊರಟ ಈ ನೌಕೆಯ ಚಿನ್ನಲೇಪಿತ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಅವುಗಳಲ್ಲಿ ನಮ್ಮ ಕನ್ನಡವೂ ಒಂದು. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ ಆ ಕನ್ನಡದ ದನಿ, ತಾವು ಒಂದೇ ದಿನದಲ್ಲಿ ಸಾಗುವ ದಾರಿಯನ್ನು ಕ್ರಮಿಸಲು 49 ವರ್ಷ ಹಿಡಿಯುತ್ತದೆ. 2023ರ ನವೆಂಬರ್‌ನಲ್ಲಿ ಅದರ ಕಂಪ್ಯೂಟರಿನ ಒಂದು ಚಿಪ್ ಕೆಟ್ಟು ನೌಕೆ ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ಎಂಜಿನಿಯರುಗಳು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಆ ಚಿಪ್‌ನಲ್ಲಿದ್ದ ಕೋಡನ್ನು ತುಂಡು ಮಾಡಿ ಬೇರೆ ಬೇರೆ ಜಾಗದಲ್ಲಿ ಕೂರಿಸುವ ಉಪಾಯ ಹುಡುಕಿದರು. 2024ರ ಏಪ್ರಿಲ್‌ನಲ್ಲಿ ಕಳಿಸಿದ ಆ ಆಜ್ಞೆ ಹೋಗಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಇಪ್ಪತ್ತೆರಡೂವರೆ ಗಂಟೆ. ಅವರು ಕಾದರು, ಉತ್ತರ ಬಂತು, ನೌಕೆ ಬದುಕಿತು. ಆ ತಾಳ್ಮೆಯನ್ನು ಕಲಿಸಿದ ತಮಗೆ ನಮೋ ನಮಃ. ಆದರೆ ಇದೇ ವೇಗದಲ್ಲಿ ಸೂರ್ಯನ ಅತಿ ಹತ್ತಿರದ ನೆರೆಯಾದ, 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿಗೆ ಹೋಗಲು ಸುಮಾರು 75,000 ವರ್ಷ ಬೇಕು. ಅಷ್ಟು ತಾಳ್ಮೆ ಯಾವ ಮನುಷ್ಯನಿಗಿದೆ, ಸ್ವಾಮಿ?

ಹಾಗಾದರೆ ಜೋರಾಗಿ ಹೋಗಿ ಎನ್ನುತ್ತೀರಿ. ಅದಕ್ಕೆ ತಾವು ವಿಧಿಸಿರುವ ಸುಂಕವನ್ನು ಸವಿನಯವಾಗಿ ನೆನಪಿಸುತ್ತೇನೆ. ತಮ್ಮ ಹತ್ತನೇ ಒಂದು ಭಾಗದ ವೇಗವನ್ನು ಕೇವಲ ಒಂದು ಕಿಲೋ ತೂಕಕ್ಕೆ ಕೊಡಬೇಕಾದರೆ, ಒಂದಿಷ್ಟೂ ಪೋಲಾಗದಿದ್ದರೂ, ಸುಮಾರು ಹನ್ನೆರಡೂವರೆ ಕೋಟಿ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ಅಲ್ಲಿ ತಲುಪಿ ನಿಲ್ಲಬೇಕೆಂದರೆ ಅಷ್ಟನ್ನೂ ಮತ್ತೆ ಕಳೆಯಬೇಕು. ಇಂಧನ ಹೊತ್ತೊಯ್ಯುವ ರಾಕೆಟ್ಟಾದರೆ ಆ ಇಂಧನವನ್ನು ಹೊರಲು ಇನ್ನಷ್ಟು ಇಂಧನ. ತಮ್ಮ ಸಮೀಪಕ್ಕೆ ಬಂದಷ್ಟೂ ಸುಂಕ ಏರುತ್ತಾ ಹೋಗಿ, ತಮ್ಮ ಹೊಸ್ತಿಲಲ್ಲಿ ಅದಕ್ಕೆ ಕೊನೆಯೇ ಇಲ್ಲ. 2016ರಲ್ಲಿ ಪ್ರಕಟವಾದ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಯೋಜನೆಯವರು ಇದಕ್ಕೆ ತಲೆಬಾಗಿ, ಗ್ರಾಂ ತೂಕದ ನೌಕೆಯನ್ನು ಲೇಸರ್‌ನಿಂದ ತಳ್ಳಿ ತಮ್ಮ ಐದನೇ ಒಂದು ಭಾಗದ ವೇಗಕ್ಕೆ ಒಯ್ಯುವ ಪ್ರಸ್ತಾಪ ಇಟ್ಟರು. ಆ ವೇಗದಲ್ಲಿ ಒಂದು ಮಿಲಿಗ್ರಾಂ ದೂಳು ಎದುರಾದರೆ ಅದರ ಹೊಡೆತದಲ್ಲಿ ಸುಮಾರು 500 ಯೂನಿಟ್‌ನಷ್ಟು ಶಕ್ತಿ ಇರುತ್ತದೆ. ದೂಳಿನಿಂದ ಪಾರಾಗಿ, ಇಪ್ಪತ್ತು ವರ್ಷ ದಾಟಿ ಗುರಿ ಮುಟ್ಟಿದರೂ ನೌಕೆಗೆ ಬ್ರೇಕ್ ಇಲ್ಲ. ನಮಗೂ ಚಂದ್ರನಿಗೂ ಇರುವ ದೂರವನ್ನು ಆರೂವರೆ ಸೆಕೆಂಡಿನೊಳಗೆ ದಾಟುವ ಭರದಲ್ಲಿ ಆ ಲೋಕದ ಪಕ್ಕದಿಂದ ಹಾದುಹೋಗುತ್ತದೆ. ಆಗ ಕಂಡದ್ದನ್ನು ನಮಗೆ ತಿಳಿಸಲು ತಮಗೆ ಮತ್ತೂ ನಾಲ್ಕು ವರ್ಷ ಬೇಕು.

ತಮ್ಮ ಔದಾರ್ಯವನ್ನೂ ಮರೆತಿಲ್ಲ. ತಮ್ಮ ಸನಿಹದ ವೇಗದಲ್ಲಿ ಓಡುವವರಿಗೆ ಕಾಲವನ್ನೇ ನಿಧಾನಗೊಳಿಸಿ ಕೊಡುತ್ತೀರಿ. ವಾತಾವರಣದ ಹತ್ತು-ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಹುಟ್ಟುವ ಮ್ಯುಆನ್ ಕಣಗಳ ಸರಾಸರಿ ಆಯುಷ್ಯ 2.2 ಮೈಕ್ರೊಸೆಕೆಂಡು. ಆ ಲೆಕ್ಕದಲ್ಲಿ ಅವು 660 ಮೀಟರ್ ದಾಟುವುದರೊಳಗೆ ಬಹುಪಾಲು ಸಾಯಬೇಕಿತ್ತು. ತಮ್ಮ ಕೃಪೆಯಿಂದ ನೆಲ ಮುಟ್ಟುತ್ತವೆ. ಬಹಳ ಶಕ್ತಿಯುಳ್ಳವು ಬಂಡೆಯನ್ನೂ ಕೊರೆದು ಕೆಳಗಿಳಿಯುತ್ತವೆ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಉಪಕರಣ ಇಟ್ಟು ನಮ್ಮ ವಿಜ್ಞಾನಿಗಳು ಅವನ್ನು ಎಣಿಸಿದ್ದಾರೆ. ಆದರೆ ಇದೇ ಕೃಪೆ ಮನುಷ್ಯನ ಪಾಲಿಗೆ ಏನಾಗುತ್ತದೆ ನೋಡಿ. ಏಳು ಗ್ರಹಗಳಿರುವ ಟ್ರ್ಯಾಪಿಸ್ಟ್-1 ನಕ್ಷತ್ರ ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿದೆ. ತಮ್ಮ ಶೇಕಡ 99ರಷ್ಟು ವೇಗದಲ್ಲಿ ಹೋಗಿ ಬಂದವರಿಗೆ ಹನ್ನೆರಡು ವರ್ಷವೂ ತುಂಬಿರುವುದಿಲ್ಲ. ಇಲ್ಲಿ ಎಂಬತ್ತು ವರ್ಷ ದಾಟಿರುತ್ತದೆ. ಬೀಳ್ಕೊಟ್ಟ ಅಪ್ಪ ಅಮ್ಮ, ಹೆಂಡತಿ, ಗೆಳೆಯರು ಯಾರೂ ಇರುವುದಿಲ್ಲ. ಪ್ರಯಾಣಿಕನಿಗೆ ಆಯುಷ್ಯ ಉಳಿಸಿಕೊಟ್ಟು ಅವನ ಬಂಧುಬಳಗವನ್ನು ಬೆಲೆಯಾಗಿ ಪಡೆಯುವ ಈ ವ್ಯವಸ್ಥೆಯನ್ನು ಸನ್ನಿಧಾನವು ಮರುಪರಿಶೀಲಿಸಬಹುದೇ?

ಹೋಗುವುದು ಬೇಡ, ಕೂತಲ್ಲೇ ಮಾತಾಡುತ್ತೇವೆ ಎಂದೂ ನೋಡಿದ್ದಾಯಿತು. 1960ರಲ್ಲಿ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ ಎರಡು ಹತ್ತಿರದ ನಕ್ಷತ್ರಗಳತ್ತ ರೇಡಿಯೊ ದೂರದರ್ಶಕ ತಿರುಗಿಸಿ ಕಿವಿಗೊಟ್ಟರು. 1974ರಲ್ಲಿ ಅರೆಸಿಬೊದಿಂದ 1,679 ಬಿಟ್‌ಗಳ ಒಂದು ಸಂದೇಶ ಎಂ13 ನಕ್ಷತ್ರಗುಚ್ಛದ ಕಡೆ ಹೊರಟಿತು. ಅದನ್ನು ತಾವು ತಲುಪಿಸಲು ಸುಮಾರು 25,000 ವರ್ಷ, ಮಾರುತ್ತರ ತರಲು ಮತ್ತೆ ಅಷ್ಟೇ. ಕಳಿಸಿದ ದೂರದರ್ಶಕ 2020ರ ಡಿಸೆಂಬರಿನಲ್ಲಿ ಕುಸಿದು ಬಿತ್ತು. 1977ರ ಆಗಸ್ಟ್ 15ರಂದು ಓಹಾಯೊದಲ್ಲಿ 72 ಸೆಕೆಂಡು ಕೇಳಿದ ಪ್ರಖ್ಯಾತ 'ವಾವ್' ಸಂಕೇತ ಮತ್ತೆ ಕೇಳಲಿಲ್ಲ. ಈಗ ಜೇಮ್ಸ್ ವೆಬ್ ದೂರದರ್ಶಕ, 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ ವಾತಾವರಣದಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇರುವುದನ್ನು ಕಂಡಿದೆ. ಜೀವದ ಸುಳಿವೂ ಇದೆ ಎಂಬ 2025ರ ವಾದಕ್ಕೆ ವಿಜ್ಞಾನಿಗಳಲ್ಲೇ ಒಪ್ಪಿಗೆಯಿಲ್ಲ. ಸಂಶಯ ತೀರಿಸಿಕೊಳ್ಳಲು ಬೇಕಾದ ಬೆಳಕನ್ನು ತಾವು ತಂದೇ ತರುತ್ತೀರಿ, ಅದು ನಿಜ. ಆದರೆ ನಾವು ನೋಡುತ್ತಿರುವುದು ಕುವೆಂಪು ಹುಟ್ಟುವುದಕ್ಕೂ ಮೊದಲು ಹೊರಟ ಬೆಳಕು. ಅಲ್ಲಿ ಇಂದು ಯಾರಾದರೂ ಇದ್ದರೆ ಆ ಸುದ್ದಿ ನನ್ನ ಮೊಮ್ಮಕ್ಕಳ ಮಕ್ಕಳಿಗೆ.

ಇಷ್ಟಾದರೂ ಮಿತಿಯನ್ನು ಸಡಿಲಿಸಿ ಎಂದು ಕೇಳಲು ನಾನು ಬಂದಿಲ್ಲ. ತಾವು ಸಡಿಲಿಸಿದರೆ ಕಾರಣಕ್ಕಿಂತ ಮೊದಲೇ ಪರಿಣಾಮ ಬಂದು ಕೂರುವ ಅನಾಹುತವಾದೀತೆಂದು ಐನ್‌ಸ್ಟೈನ್ ಓದಿದವರು ಹೇಳುತ್ತಾರೆ, ಅದನ್ನು ನಂಬುತ್ತೇನೆ. ತಮ್ಮ ಕಾನೂನು ಬದಲಾಗುವುದಿಲ್ಲವೆಂದರೆ ಬದಲಾಗಬೇಕಾದದ್ದು ನಮ್ಮ ಲೆಕ್ಕಾಚಾರ. ಈ ಹುಡುಕಾಟ ಒಬ್ಬರ ಆಯುಷ್ಯದ್ದಲ್ಲ, ಒಂದು ಸರ್ಕಾರದ ಅವಧಿಯದ್ದಂತೂ ಅಲ್ಲ. ಆದರೆ 1992ರ ಅಕ್ಟೋಬರಿನಲ್ಲಿ ನಾಸಾ ಶುರುಮಾಡಿದ ಇಂಥ ಶೋಧಕ್ಕೆ ಅಮೆರಿಕದ ಕಾಂಗ್ರೆಸ್ ಒಂದೇ ವರ್ಷದಲ್ಲಿ ಹಣ ನಿಲ್ಲಿಸಿತು. ಶತಮಾನಗಳನ್ನು ಬೇಡುವ ಕೆಲಸಕ್ಕೆ ಹನ್ನೆರಡು ತಿಂಗಳು! ನಮ್ಮ ನಾಡಿನಲ್ಲಿ ಕೆರೆ ಕಟ್ಟಿಸಿದವರು ಕಟ್ಟಿಸಿ ಕೈ ತೊಳೆದುಕೊಳ್ಳುತ್ತಿರಲಿಲ್ಲ. ಮುಂದಿನ ತಲೆಮಾರಿನವರು ಅದನ್ನು ನೋಡಿಕೊಳ್ಳಲೆಂದು ಕಟ್ಟುಕೊಡಗೆಯಾಗಿ ಜಮೀನು ಬಿಟ್ಟು, ಅದನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಆಕಾಶಕ್ಕೆ ಕಿವಿಗೊಡುವ ಕೆಲಸಕ್ಕೂ ಅಂಥದ್ದೊಂದು ಕಟ್ಟುಕೊಡಗೆ ಬೇಕು: ವರ್ಷವರ್ಷವೂ ಕೈಚಾಚಬೇಕಿಲ್ಲದ ಹಣ, ಗದ್ದಲವಿಲ್ಲದ ರೇಡಿಯೊ ಜಾಗ, ಐವತ್ತು ವರ್ಷದ ನಂತರವೂ ಓದಲು ಬರುವ ದಾಖಲೆ, ಅವನ್ನು ಓದಬಲ್ಲ ಹುಡುಗ ಹುಡುಗಿಯರು.

ಆದ್ದರಿಂದ ಸನ್ನಿಧಾನದಲ್ಲಿ ನನ್ನ ಬಿನ್ನಹ ಇಷ್ಟೇ. ಎಲ್ಲಿಂದಲೋ ಯಾರೋ ಕಳಿಸಿದ ಸಂಕೇತ ಈಗಾಗಲೇ ತಮ್ಮ ಜೊತೆ ಹೊರಟಿದ್ದರೆ ಅದನ್ನು ದಾರಿಯಲ್ಲಿ ಬಿಡದೆ ತನ್ನಿ. ಅದು ಬಂದ ದಿನ ಇಲ್ಲಿ ಕೇಳಿಸಿಕೊಳ್ಳುವವರು ಇರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಇಂತಿ ತಮ್ಮ ಮಿತಿಯೊಳಗಿನ,
ಭೂಮಿಯ ಒಬ್ಬ ನಿವಾಸಿ

ಪ್ರತಿ: ವಿಜ್ಞಾನಕ್ಕೆ ಹಣ ಹಂಚುವ ಎಲ್ಲ ದೇಶಗಳ ಎಲ್ಲ ಮಾನ್ಯರಿಗೆ, ಮಾಹಿತಿಗಾಗಿ ಮತ್ತು ತುರ್ತು ಕ್ರಮಕ್ಕಾಗಿ.