ಗೇಟ್ ಬಿತ್ತು, ಗೇಟ್ ಹೋತು

ನಮ್ಮೂರು ಹೇಮಗುಡ್ಡವನ್ನು ಇಂಗ್ಲಿಷರು ನೇರವಾಗಿ ಬಹುಕಾಲ ಆಳಿದ್ದಿಲ್ಲ. 1948ರವರೆಗೆ ನಮ್ಮದು ಹೈದರಾಬಾದಿನ ನಿಜಾಮರ ಸೀಮೆ. ಹೀಗಾಗಿ ಬಾಗಿಲಿನ ವಿಷಯದಲ್ಲಿ ಹೊರಗಿನ ಮಾತೊಂದು ಒಳಗೆ ಬರುವುದಿದ್ದರೆ ‘ದರವಾಜ’ ಬರಬೇಕಿತ್ತು. ಬಂದೂ ಇತ್ತು. ಆದರೆ ಹಿಂದಿನಿಂದ ಬಂದ ‘ಗೇಟ್’ ಈ ದರವಾಜವನ್ನು ಬದಿಗೆ ಸರಿಸಿ, ಊರ ಅಗಸಿಯನ್ನು ದೂಡಿ, ಹೊಲದ ತಡಿಕಿ ಕಿತ್ತೊಗೆದು, ಕಾಲುವೆಯ ತೂಬಿನ ಮೇಲೂ ಏರಿ ಕೂತಿತು. ನನ್ನ ಗುಮಾನಿಯೆಲ್ಲ ತುಂಗಭದ್ರಾ ಡ್ಯಾಮಿನ ಮೇಲೆ. 1945ರಲ್ಲಿ ಅಡಿಗಲ್ಲು ಬಿದ್ದು 1953ರ ಹೊತ್ತಿಗೆ ಎದ್ದು ನಿಂತ ಆ ಡ್ಯಾಮಿಗೆ ಕ್ರೆಸ್ಟ್ ಗೇಟುಗಳೇ 33. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಅಂಥಾದ್ದನ್ನು ತಡಿಕಿ ಅನ್ನಲು ನಮ್ಮ ಹಿರಿಯರಿಗೂ ನಾಲಿಗೆ ಏಳಲಿಲ್ಲವೇನೋ.

ಗುಡ್ಡದ ಮೇಲಿನ ಕೋಟೆ ಮಾತ್ರ ಈ ಶಬ್ದಕ್ಕೆ ಇನ್ನೂ ಸೋತಿಲ್ಲ. ಗಂಡುಗಲಿ ಕುಮಾರರಾಮನ ಕಥೆಯ ನೆಲ ಇದು. ತುಘಲಕನ ದಂಡು ಕೋಟೆಯ ಗೇಟ್ ಮುರಿದು ಒಳಗೆ ಬಂತು ಎಂದು ಯಾವ ಕಥೆಗಾರ ಹೇಳಿದರೂ ಕೇಳುವವರು ಎದ್ದು ಹೋಗುತ್ತಾರೆ. ಬಾಗಿಲು ಮುರಿದರೆ ಇತಿಹಾಸ, ಗೇಟ್ ಮುರಿದರೆ ಪೊಲೀಸ್ ಕೇಸು.

ಇನ್ನು ಉಚ್ಚಾರ. ಪಟ್ಟಣದ ಕಾನ್ವೆಂಟಿಗೆ ಹೋಗುವ ಮಕ್ಕಳು ನಾಲಿಗೆಯನ್ನು ಒಂದು ಸುತ್ತು ತಿರುಗಿಸಿ ‘ಗೆಯ್ಟ್’ ಅನ್ನುತ್ತವೆ. ನಮಗೆ ಅಷ್ಟು ವ್ಯವಧಾನವಿಲ್ಲ. ‘ಗೇಟ’ ಅನ್ನುತ್ತೇವೆ, ಹೆಚ್ಚಾದರೆ ‘ಗೇಟಗೋಳು’. ಅದೂ ಸಾಲದೆಂಬಂತೆ, ಪಾಪ, ‘ಗೆಟ್’ ಎಂಬ ಇನ್ನೊಂದು ಶಬ್ದವನ್ನೂ ಇದರೊಳಗೇ ಸೇರಿಸಿಕೊಂಡಿದ್ದೇವೆ. ನಮ್ಮ ಕಾಲದ ಮಾಸ್ತರರು ಸಿಟ್ಟು ಬಂದಾಗ ‘ಗೇಟೌಟ್’ ಎಂದೇ ಗುಡುಗುತ್ತಿದ್ದರು. ಅದು ತಪ್ಪೆಂದು ನಗುವವರಿದ್ದಾರೆ. ನಾನಂತೂ ಮಾಸ್ತರರ ಪರ. ಬರೀ ‘ಗೆಟ್ ಔಟ್’ ಅಂದರೆ ಹುಡುಗ ವರಾಂಡದಲ್ಲಿ ನಿಂತು ಕಿಟಕಿಯಿಂದ ಇಣುಕಿ ಹಲ್ಲು ಕಿರಿಯಬಹುದು. ‘ಗೇಟೌಟ್’ ಅಂದರೆ ಗೇಟಿನಿಂದಲೇ ಆಚೆ. ಎಷ್ಟು ದೂರ ಹೋಗಬೇಕೆಂಬುದು ಆಜ್ಞೆಯಲ್ಲೇ ಇದೆ.

ಆದರೆ ಈ ಶಬ್ದದ ನಿಜವಾದ ಗಮ್ಮತ್ತು ಇರುವುದು ಅದರ ಹಿಂದೆ ಬರುವ ಕ್ರಿಯಾಪದದಲ್ಲಿ. ಗೇಟ್ ಬರೀ ಕಬ್ಬಿಣ. ಅದಕ್ಕೆ ಜೀವ ಕೊಡುವುದೆಲ್ಲ ಕನ್ನಡವೇ. ‘ಗೇಟ್ ಬಿತ್ತು’ ಅಂದರೆ ರೈಲು. ಕೊಪ್ಪಳಕ್ಕೂ ಭಾಗ್ಯನಗರಕ್ಕೂ ನಡುವೆ ಗೇಟ್ ಬಿದ್ದಿತೆಂದರೆ ಎತ್ತಿನ ಗಾಡಿಯಿಂದ ಹಿಡಿದು ಸಾಹೇಬರ ಜೀಪಿನವರೆಗೆ ಎಲ್ಲರೂ ಸಮಾನರಾಗುತ್ತಿದ್ದರು. ಬೈಕಿನವನೊಬ್ಬ ಮಾತ್ರ ತಲೆ ತಗ್ಗಿಸಿ ಅಡ್ಡಪಟ್ಟಿಯ ಕೆಳಗೆ ನುಸುಳುವವನು. ಅವನು ಜೀವಮಾನದಲ್ಲಿ ತಲೆ ತಗ್ಗಿಸುವುದು ಅಲ್ಲೊಂದೇ ಕಡೆ. ‘ಗೇಟ್ ಹಾಕ್ಯಾರ’ ಅಂದರೆ ಶಾಲೆ, ತಡವಾಗಿದೆ, ಗೋಡೆ ಹಾರು. ‘ಗೇಟ್‌ಪಾಸ್ ಕೊಟ್ರು’ ಅಂದರೆ ಒಳಗೆ ಬಿಡುವ ಚೀಟಿಯಲ್ಲ, ಯಾರನ್ನೋ ಮಂತ್ರಿಮಂಡಳದಿಂದಲೋ ಕ್ರಿಕೆಟ್ ಟೀಮಿನಿಂದಲೋ ಹೊರಗೆ ಹಾಕಿದ್ದಾರೆ. ‘ಗೇಟ್ ತಗದಾರ’ ಅಂದರೆ ಎಡದಂಡೆ ಕಾಲುವೆಗೆ ನೀರು. ಗಂಗಾವತಿ ಸೀಮೆಯ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಇಳಿಯುತ್ತದೆ, ಸಾಲ ಕೊಡುವವರ ಮುಖ ಅರಳುತ್ತದೆ. ‘ಗೇಟ್ ಎತ್ಯಾರ’ ಅಂದರೆ ಅದೇ ನೀರು, ಆದರೆ ಹೊಳೆಗೆ. ಆನೆಗೊಂದಿಯ ನವವೃಂದಾವನಕ್ಕೆ ದೋಣಿ ಬಂದ್, ಕಂಪ್ಲಿ ಸೇತುವೆ ಮುಳುಗುವ ಹೆದರಿಕೆ. ತೆಗೆದರೆ ಅನ್ನ, ಎತ್ತಿದರೆ ಆಪತ್ತು. ಇಂಗ್ಲಿಷಿನವನಿಗೆ ಎರಡಕ್ಕೂ ಒಂದೇ ‘ಓಪನ್’. ಅವನು ಈ ಸೀಮೆಯಲ್ಲಿ ಒಕ್ಕಲುತನ ಮಾಡಿದ್ದರೆ ಒಂದೇ ಮಳೆಗಾಲದಲ್ಲಿ ತೇಲಿ ಹೋಗುತ್ತಿದ್ದ.

ಇಷ್ಟೆಲ್ಲ ಕ್ರಿಯಾಪದಗಳಿದ್ದರೂ ಒಂದನ್ನು ನಾವು ಬಳಸಿರಲಿಲ್ಲ. 2024ರ ಆಗಸ್ಟ್ 10ರ ಶನಿವಾರ ರಾತ್ರಿ ಅದೂ ಬಂತು: ‘ಗೇಟ್ ಹೋತು’.

ಎಲ್ಲರ ಫೋನೂ ಒಮ್ಮೆಲೇ ಬಡಿದುಕೊಂಡವು. ನಿದ್ದೆಗಣ್ಣಲ್ಲಿ ಈ ಎರಡೇ ಶಬ್ದ ಕೇಳಿದ ನಮ್ಮ ನೆರೆಯವರೊಬ್ಬರು ಬ್ಯಾಟರಿ ಹಿಡಿದು ಅಂಗಳಕ್ಕೆ ಓಡಿದರು. ಅವರ ಹೊಲದ ಕಬ್ಬಿಣದ ಗೇಟನ್ನು ಹಿಂದೊಮ್ಮೆ ಯಾರೋ ಗುಜರಿಗೆ ಹಾಕಿ ಕುಡಿದಿದ್ದರು. ಅಂದಿನಿಂದ ಗೇಟಿನ ವಿಷಯದಲ್ಲಿ ಅವರಿಗೆ ನಂಬಿಕೆಯೆಂಬುದೇ ಇಲ್ಲ. ಮನೆಯ ಗೇಟ್ ಅಲ್ಲೇ ಇತ್ತು. ಬೀಗ ಎಳೆದು ನೋಡಿ, ಫೋನಿಗೆ “ಇಲ್ಲೇ ಐತಲ್ಲೋ, ಎಲ್ಲಿ ಹೋಗೈತಿ?” ಎಂದು ಗದರಿದರು. “ನಿಂದಲ್ಲೋ ಮಾರಾಯಾ, ಡ್ಯಾಮಿಂದು! ಹತ್ತೊಂಬತ್ತನೇದು!” ಎಂದ ಆ ಕಡೆಯವನು. ನಮ್ಮವರು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ನಾಟಿ ಮಾಡಿ ದಿನ ತುಂಬಿರಲಿಲ್ಲ.

ಚೈನ್ ತುಂಡಾಗಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿ ಹೋಗಿತ್ತು. ತುಂಬಿ ನಿಂತಿದ್ದ ಡ್ಯಾಮಿನ ಭಾರ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಒಂದು ಗೇಟ್ ಹೋದದ್ದಕ್ಕೆ ಮೂವತ್ತೆರಡು ಗೇಟ್ ಎತ್ತಿದರು ಎಂಬ ಲೆಕ್ಕ ಚಹಾದಂಗಡಿಯಲ್ಲಿ ಯಾರಿಗೂ ಕೂಡಿಬರಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಬಾಯಿ ಮುಚ್ಚಿಸಿದರು. ಅದಕ್ಕೆ ‘ಸ್ಟಾಪ್‌ಲಾಗ್’ ಎಂದು ಹೆಸರು. ನಮ್ಮೂರಲ್ಲಿ ಅದು ಮರುದಿನವೇ ‘ಸ್ಟಾಪ್ ಲಾಕ್’ ಆಯಿತು. ನಿಲ್ಲಿಸಿ ಬೀಗ ಹಾಕುವುದು. ಇದೂ ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಅಮೆರಿಕದವರಿಗೂ ಒಂದು ಗೇಟಿನ ಕಥೆ ಇದೆ. 1972ರ ಜೂನಿನಲ್ಲಿ ವಾಷಿಂಗ್ಟನ್ನಿನ ‘ವಾಟರ್‌ಗೇಟ್’ ಎಂಬ ಕಟ್ಟಡಕ್ಕೆ ಕಳ್ಳರು ನುಗ್ಗಿ, ಆ ಹಗರಣ ಬೆಳೆದು, ನಿಕ್ಸನ್ 1974ರ ಆಗಸ್ಟ್ 9ರಂದು ಅಧ್ಯಕ್ಷಗಿರಿ ಬಿಟ್ಟರು. ಆಗಿನಿಂದ ಜಗತ್ತಿನ ಯಾವ ಹಗರಣಕ್ಕೂ ಬಾಲದಲ್ಲಿ ಒಂದು ‘ಗೇಟ್’ ಸಿಕ್ಕಿಸುವುದು ಪತ್ರಿಕೆಗಳ ಚಟ. ನಿಕ್ಸನ್ ಹೋಗಿ ಸರಿಯಾಗಿ 50 ವರ್ಷ ಒಂದು ದಿನಕ್ಕೆ ನಮ್ಮ ಗೇಟ್ ಹೋಯಿತು. ಅವರ ವಾಟರ್‌ಗೇಟಿನಲ್ಲಿ ಒಂದು ತಂಬಿಗೆ ನೀರೂ ಹರಿಯಲಿಲ್ಲ, ಅಧ್ಯಕ್ಷರು ಹೋದರು. ನಮ್ಮಲ್ಲಿ ಹರಿದದ್ದು ಟಿಎಂಸಿ ಲೆಕ್ಕದಲ್ಲಿ, ಹೋದದ್ದು ಗೇಟ್ ಒಂದೇ.

ಗೇಟೇ ಇಲ್ಲದ ಗೇಟುಗಳೂ ಇವೆಯೆನ್ನಿ. ಬೆಂಗಳೂರಿನ ಕೂಡ್ಲು ಗೇಟ್, ಅರೆಕೆರೆ ಗೇಟಿನಲ್ಲಿ ಬಸ್ಸಿಳಿದು ಗೇಟ್ ಹುಡುಕಿದರೆ ಟ್ರಾಫಿಕ್ಕೇ ಸಿಗುವುದು. ಇಂಗ್ಲೆಂಡಿನ ಯಾರ್ಕ್ ಊರಿನಲ್ಲಂತೂ ಬೀದಿಗಳಿಗೆ ‘ಗೇಟ್’ ಅನ್ನುತ್ತಾರೆ, ಕೋಟೆಯ ಬಾಗಿಲಿಗೆ ‘ಬಾರ್’ ಅನ್ನುತ್ತಾರೆ. ನಮ್ಮ ಕಡೆಯವರಿಗೆ ಅಲ್ಲಿ ದಾರಿ ಕೇಳುವುದು ಕಷ್ಟ. ಬಾರ್ ಎಲ್ಲಿ ಎಂದು ಕೇಳಿ ಕೋಟೆ ಬಾಗಿಲ ಮುಂದೆ ನಿಂತವನ ಸಂಕಟ ದೊಡ್ಡದು.

2025ರಲ್ಲಿ ಹಳೆಯ ಗೇಟುಗಳನ್ನು ನಂಬದೆ ಡ್ಯಾಮನ್ನು ಪೂರ್ತಿ ತುಂಬಿಸಲೇ ಇಲ್ಲ; ಎರಡನೇ ಬೆಳೆಗೆ ನೀರಿಲ್ಲ ಎಂದರು. ಹೀಗಾಗಿ ಈಗ ನಮ್ಮ ಸೀಮೆಯಲ್ಲಿ ಯಾವ ಗೇಟಿನ ಸುದ್ದಿ ಬಂದರೂ ಜನ ಕಿವಿ ನಿಮಿರಿಸುತ್ತಾರೆ. ಮೊನ್ನೆ ದೇವಸ್ಥಾನದ ಕಟ್ಟೆಯ ಮೇಲೆ ತಂದೆಯೊಬ್ಬ ಹೆಮ್ಮೆಯಿಂದ, ಎಂಜಿನಿಯರಿಂಗ್ ಮುಗಿಸಿದ ಮಗ ಐಐಟಿಗೆ ಸೇರಲು ಪರೀಕ್ಷೆ ಕಟ್ಟಿದ್ದನ್ನು ಹೇಳುತ್ತಿದ್ದ: “ನಮ್ಮ ಹುಡುಗ ಈ ಸಲ ಗೇಟ್ ಕಟ್ಯಾನ್ರೀ.”

ಅಡಕೆ ಕತ್ತರಿಸುತ್ತಿದ್ದ ನಮ್ಮ ನೆರೆಯವರು ಕೈ ನಿಲ್ಲಿಸಿದರು. “ಎಷ್ಟನೇ ನಂಬರಿಂದು?”

“ಪರೀಕ್ಷಾ ರೀ ಅದು.”

“ಮಾಡಿಸ್ರಿ, ಮಾಡಿಸ್ರಿ. ಕಟ್ಟೂಕಿಂತ ಮದ್ಲs ಪರೀಕ್ಷಾ ಮಾಡಿಸೋದು ಚಲೋ. ಚೈನೂ ನೋಡಂತ ಹೇಳ್ರಿ.”