ಕಾಂತಾಬಾ

ರೂಢಿಯಾಗಿ ನಡೆಯುತ್ತಿದ್ದುದನ್ನು, ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಅನ್ನದೆ ಹೇಳಲು ಸ್ಪ್ಯಾನಿಷ್‌ನಲ್ಲಿ ಬೇರೆಯೇ ಒಂದು ಭೂತಕಾಲವಿದೆ: ಇಂಪರ್ಫೆಕ್ಟ್. ಆರು ತಿಂಗಳಿಗೆಂದು ಕುಂದಗೋಳದಿಂದ ಟೆಕ್ಸಾಸ್‌ಗೆ ಬಂದಿರುವ ನಮ್ಮಪ್ಪ ಜನ್ಮದಲ್ಲಿ ಆಡಿದ್ದೆಲ್ಲ ಅದೇ ಕಾಲದಲ್ಲಿ. “ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನ್ಯಾಗ ಬರತಿದ್ರು. ಭೀಮಸೇನ ಜೋಶಿಯವರು ಗುರುಗಳ ಮನಿಗೆ ನೀರು ಹೊರತಿದ್ರು. ನಾಡಗೇರ ವಾಡೇದಾಗ ಬೆಳತನಕಾ ಹಾಡತಿದ್ರು.” ಭೀಮಸೇನರು ಕುಂದಗೋಳದಲ್ಲಿ ಗುರು ಸವಾಯಿ ಗಂಧರ್ವರ ಮನೆಯಲ್ಲಿ ಶಿಷ್ಯರಾಗಿದ್ದದ್ದು 1930ರ ದಶಕದ ಕೊನೆಗೆ. ಅಪ್ಪ ಹುಟ್ಟಿದ್ದು ಹತ್ತು ವರ್ಷ ಬಿಟ್ಟು. ಆದರೆ ಕೇಳಿದವರಿಗೆ, ಬಾವಿಯ ಹಗ್ಗದ ಇನ್ನೊಂದು ತುದಿ ಇವರ ಕೈಯಲ್ಲೇ ಇತ್ತೇನೋ ಅನ್ನಿಸಬೇಕು.

ಮಗಳಿಗೆ ಶಾಲೆಯಲ್ಲಿ ಸ್ಪ್ಯಾನಿಷ್. ಕಾಂತಾರ್ ಅಂದರೆ ಹಾಡುವುದು. ತುದಿಯ ‘ಆರ್’ ಕಿತ್ತು ‘ಆಬಾ’ ಹಚ್ಚಿದರೆ ಮುಗಿಯಿತು: ಕಾಂತಾಬಾ, ಕಾಂತಾಬಾಸ್, ಕಾಂತಾಬಾ, ಕಾಂತಾಬಾಮೋಸ್, ಕಾಂತಾಬಾಯ್ಸ್, ಕಾಂತಾಬಾನ್. ಈ ಕಾಲದಲ್ಲಿ ನಿಯಮ ಮೀರುವ ಕ್ರಿಯಾಪದಗಳು ಇಡೀ ಭಾಷೆಗೆ ಮೂರೇ. ಅಜ್ಜ ಮೊಮ್ಮಗಳು ಕೂಡಿ ಮಗ್ಗಿಯ ಹಾಗೆ ಒದರುತ್ತಿದ್ದರೆ, ಅವ್ವ ಲಟ್ಟಣಿಗೆ ಸಮೇತ ಹೊರಗೆ ಬಂದಳು. “ಮುಂಜಾನಿಂದ ಕೇಳಾಕತ್ತೇನಿ, ಯಾವಾಕಿ ಆಕಿ ಕಾಂತಾ? ಬಾ ಬಾ ಅಂತ ಯಾಕ ಕರಿಯಾಕತ್ತೀರಿ?”

ಅಪ್ಪನಿಗೆ ಉತ್ತರಿಸಲು ಪುರುಸೊತ್ತಿರಲಿಲ್ಲ, ನಿಧಿ ಸಿಕ್ಕಿತ್ತು. ನಾ ಹಾಡತಿದ್ದೆ, ಆಂವ ಹಾಡತಿದ್ದ, ಆಕಿ ಹಾಡತಿದ್ಲು, ಗೌರವಕ್ಕೆ ನೀವು ಹಾಡತಿದ್ರಿ, ಎಲ್ಲಕ್ಕೂ ಒಂದೇ ಕಾಂತಾಬಾ! ‘ನಾನು’ ‘ಅವನು’ ಅನ್ನುವುದನ್ನು ಬಿಟ್ಟರೂ ನಡೆಯುತ್ತದೆ. ಕನ್ನಡದಲ್ಲಾದರೆ ಕ್ರಿಯಾಪದದ ಬಾಲ ನೋಡಿಯೇ ಯಾರೆಂದು ಹಿಡಿದುಬಿಡುತ್ತಾರೆ. “ಭೀಮಸೇನ ಜೋಶಿಯವರಿಗೂ ಕಾಂತಾಬಾ, ನನಗೂ ಕಾಂತಾಬಾ. ಭಾಳ ಸಂಸ್ಕಾರದ ಭಾಷಾ ಐತಿ ಇದು.”

“ನೀವು ಯಾವಾಗ ಹಾಡಿದ್ರಿ? ಒಂದು ತಾರೀಖು ಹೇಳ್ರಿ,” ಅಂದಳು ಅವ್ವ.

ತಾರೀಖು ಬಂದರೆ ಕಾಲವೇ ಬೇರೆ, ಒಮ್ಮೆ ಹಾಡಿ ಮುಗಿಸಿದ್ದಕ್ಕೆ ‘ಕಾಂತೇ’ ಅನ್ನಬೇಕು ಎಂದು ಮಗಳು ಪುಸ್ತಕ ತಿರುವಿದಳು. “ಅದು ಮುಂದಿನ ಪಾಠ ಅಲ್ಲೇನವಾ?” ಎಂದು ಅಪ್ಪ ಪುಸ್ತಕ ಮುಚ್ಚಿಸಿದರು.

ಅಜ್ಜ-ಅಜ್ಜಿಯರ ಬಾಲ್ಯದ ಬಗ್ಗೆ ಸ್ಪ್ಯಾನಿಷ್‌ನಲ್ಲಿ ಬರೆಯಿರಿ ಅಂತ ಹೋಂವರ್ಕ್ ಬಂತು. ಅಪ್ಪ ಹೇಳಿದರು, ಮಗಳು ಬರೆದಳು: ನನ್ನ ಅಜ್ಜ ಕುಂದಗೋಳದಲ್ಲಿದ್ದರು, ಅಲ್ಲಿಗೆ ಭೀಮಸೇನ ಜೋಶಿ ಬರುತ್ತಿದ್ದರು, ಬೆಳಗಿನ ತನಕ ಕಾಂತಾಬಾ.

ಹಾಳೆ ತಿರುಗಿ ಬಂದಾಗ ಆ ಕಾಂತಾಬಾದ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ಒಂದೇ ಪ್ರಶ್ನೆ: ಯಾರು?

ಅವ್ವ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. “ಶಾಣ್ಯಾಕಿ ಇದ್ದಾಳ ನೋಡು ನಿಮ್ಮ ಟೀಚರ್.”